ಮೂವತ್ತು ಸೆಕೆಂಡಿನ ಕಾರು

ಹೋದ ತಿಂಗಳು ಆಫೀಸಿನ ವಾಟ್ಸಾಪ್ ಗುಂಪಿಗೆ ಮತ್ತೊಂದು ವಿಡಿಯೊ ಬಂತು. ನೀವೂ ನೋಡಿರ್ತೀರಿ. ಅದೇ ಅಲ್ಲದಿದ್ದರೆ ಅಂಥದ್ದೇ ಇನ್ನೊಂದು. ಯಾವುದೋ ಹಳ್ಳಿ, ಒಬ್ಬ ಹುಡುಗ, ಗುಜರಿಯಿಂದ ತಂದ ಪೈಪು ತಗಡು ಬೆಸೆದು ಮಾಡಿದ ಕಾರು. ಹುಡುಗ ಹತ್ತಿ ಕೂತ, ಸ್ಟಾರ್ಟ್ ಮಾಡಿದ, ಕಣದಲ್ಲಿ ಒಂದು ಸುತ್ತು ಹೊಡೆದ, ಹಿಂದುಗಡೆ ಸಿನಿಮಾ ಮ್ಯೂಸಿಕ್ಕು, ಮುಗೀತು. ಮೂವತ್ತು ಸೆಕೆಂಡು. ಕೆಳಗೆ ಸಾಲಾಗಿ ಚಪ್ಪಾಳೆ ಚಿತ್ರಗಳು. 'ಇವನು ನೋಡ್ರಪ್ಪ ರಿಯಲ್ ಇಂಜಿನಿಯರ್', 'ನಮ್ಮ ಡಿಗ್ರಿ ವೇಸ್ಟ್ ಗುರೂ', 'ಹಳ್ಳಿ ಐನ್‌ಸ್ಟೈನ್'. (ಐನ್‌ಸ್ಟೈನ್ ಹೆಸರು ತಂದಿದ್ದು ಗೊತ್ತಿಲ್ಲದೇ ಆದರೂ ಸರಿಯಾಗಿಯೇ ಇದೆ. ಆ ಮಹಾನುಭಾವ ಲಿಯೋ ಸಿಲಾರ್ಡ್ ಜೊತೆ ಸೇರಿ ಫ್ರಿಜ್ಜಿಗೆ ಪೇಟೆಂಟ್ ತೆಗೆದಿದ್ದರು. ತಂಪು ಮಾಡೋದು ಸಣ್ಣ ಕೆಲಸ ಅಂತ ಅವರಿಗೆ ಅನ್ನಿಸಿರಲಿಲ್ಲ.)

ನಾನು ಚಪ್ಪಾಳೆ ಹಾಕಲಿಲ್ಲ. 'ಹತ್ತನೇ ನಿಮಿಷಕ್ಕೆ ಇಂಜಿನ್ ಟೆಂಪರೇಚರ್ ಎಷ್ಟಿತ್ತು?' ಅಂತ ಒಂದು ಸಾಲು ಹಾಕಿದೆ. ಇಂಜಿನ್ ಏನಾಯಿತೋ, ಗುಂಪಂತೂ ತಣ್ಣಗಾಯಿತು. ಆಮೇಲೆ ಪಕ್ಕದ ಟೀಮಿನ ಗೆಳೆಯ ಬಂದು, 'ನೀನೇ ಹಳ್ಳಿಯವನು, ನಿನಗೇ ಹೊಟ್ಟೆಕಿಚ್ಚಾ?' ಅಂದ. ಕ್ಯಾಂಟೀನಿನಲ್ಲಿ ಕಾಫಿ ಆರುವಷ್ಟರಲ್ಲಿ ಹೇಳೋ ಉತ್ತರ ಅಲ್ಲ ಅದು. ಇಲ್ಲಿ ಹೇಳ್ತೀನಿ.

ನಮ್ಮದು ಹೊಳಲ್ಕೆರೆ ತಾಲ್ಲೂಕು, ಬಿ.ದುರ್ಗ ಹೋಬಳಿ. ರೈಲಿನಲ್ಲಿ ಬರೋದಾದ್ರೆ ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ಇಳಿಯಬೇಕು. ಅಡಿಕೆ ತೋಟ, ಬೋರ್‌ವೆಲ್, ಬೋರ್‌ವೆಲ್ ಬತ್ತಿದರೆ ಇನ್ನೊಂದು ಬೋರ್‌ವೆಲ್. ನಾನು ಮೆಕ್ಯಾನಿಕಲ್‌ನಲ್ಲಿ ಬಿಇ ಮಾಡಿ, ಎಲ್ಲಾ ಮೆಕ್ಯಾನಿಕಲ್ ಹುಡುಗರ ಹಾಗೆ ಸಾಫ್ಟ್‌ವೇರಿಗೆ ಬಂದು ಬಿದ್ದವನು. ನನ್ನ ಚಿಕ್ಕಪ್ಪನ ಮಗ ಪಿಯುಸಿಗೆ ಓದು ನಿಲ್ಲಿಸಿ ತೋಟ ನೋಡ್ಕೊಂಡು, ವೆಲ್ಡಿಂಗ್ ಕಲಿತು ಊರಲ್ಲೇ ಉಳಿದವನು. ಕಾರು ಕಟ್ಟಿದವನು ಅವನು. ಯಾಕೋ ಅಂದ್ರೆ, 'ಯಾಕೆ ಅಂದ್ರೆ? ಆಸೆ' ಅಂದ. ಅದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ ಅಂತ ನನಗೂ ಅನ್ನಿಸಿತು.

ಇಂಜಿನ್ ಗುಜರಿಗೆ ಬಂದ ಮಾರುತಿ 800ದ್ದು. 796 ಸಿಸಿ, ಮೂರು ಸಿಲಿಂಡರು, 37 ಎಚ್‌ಪಿ. ಮೂವತ್ತು ವರ್ಷ ಓಡಿ 2014ರಲ್ಲಿ ನಿಂತ ಕಾರು ಅದು, ಹಾಗಾಗಿ ಸ್ಪೇರ್ ಪಾರ್ಟಿಗೆ ಬರವಿಲ್ಲ. 800ರಲ್ಲಿ ಇಂಜಿನ್ನು, ಗೇರ್‌ಬಾಕ್ಸು, ಮುಂದಿನ ಚಕ್ರ ತಿರುಗಿಸೋ ಆಕ್ಸಲ್ಲು ಎಲ್ಲಾ ಒಂದೇ ಗಂಟು. ಆ ಗಂಟನ್ನೇ ಎತ್ತಿ ಸೀಟಿನ ಹಿಂದೆ ಇಟ್ಟುಬಿಟ್ಟರೆ ಹಿಂದಿನ ಚಕ್ರ ತಿರುಗುತ್ತೆ. ಮನೆಯಲ್ಲಿ ಕಾರು ಕಟ್ಟುವವರಿಗೆ ಇದು ಸುಲಭದ ದಾರಿ. ತೊಂದರೆ ಎಲ್ಲಿ ಅಂದ್ರೆ, ಅವನು ರೇಡಿಯೇಟರನ್ನೂ ಇಂಜಿನ್ ಪಕ್ಕಕ್ಕೇ ಹಾಗೇ ತಂದಿಟ್ಟ. ಕಾರ್ಖಾನೆಯ ಕಾರಿನಲ್ಲಿ ಮುಂದೆ ನಿಂತು ಗಾಳಿ ಕುಡೀತಿದ್ದ ರೇಡಿಯೇಟರು ಈಗ ಸೀಟಿನ ಬೆನ್ನಿಗೆ, ಗಾಳಿಯಿಲ್ಲದ ಮೂಲೆಗೆ ಬಂತು.

ಮೊದಲ ಸಲ ಸ್ಟಾರ್ಟ್ ಆದ ದಿನ ಅವನು ವಿಡಿಯೊ ಕಳಿಸಿದ. ಅದೂ ಮೂವತ್ತು ಸೆಕೆಂಡೇ. ನಾನೂ ಎರಡು ಚಪ್ಪಾಳೆ ಕಳಿಸಿದೆ. ಅವತ್ತು ಒಂಬತ್ತನೇ ನಿಮಿಷಕ್ಕೆ ನೀರು ಕುದ್ದು ಕಾರು ನಿಂತಿತ್ತು ಅನ್ನೋದನ್ನು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಆಮೇಲೆ ಶುರುವಾಯಿತು ಸಲಹೆ. ಒಬ್ಬ ಮೆಕ್ಯಾನಿಕ್, 'ಥರ್ಮೋಸ್ಟಾಟ್ ಕಿತ್ತು ಬಿಸಾಕು' ಅಂದ. ನಮ್ಮ ದೇಶದಲ್ಲಿ ಬಿಸಿಯಾಗೋ ಪ್ರತಿ ಗಾಡಿಗೂ ಇದೇ ಮದ್ದು. ಥರ್ಮೋಸ್ಟಾಟ್ ಅನ್ನೋದು ದಾರಿಗೆ ಅಡ್ಡ ಬಿದ್ದ ಕಲ್ಲಲ್ಲ ಸ್ವಾಮಿ, ಅದು ಕೆರೆಯ ತೂಬು. ಇಂಜಿನ್ ಕಾಯುವ ತನಕ ನೀರನ್ನು ಒಳಗೇ ತಿರುಗಿಸಿ, 82 ಡಿಗ್ರಿ ಹತ್ತಿರ ಬಂದ ಮೇಲೆ ರೇಡಿಯೇಟರಿಗೆ ಬಿಡುತ್ತೆ. ತೂಬು ಕಿತ್ತರೆ ಇಂಜಿನ್ ಬೆಳಗ್ಗೆ ಹದಕ್ಕೇ ಬರಲ್ಲ, ಪೆಟ್ರೋಲು ಜಾಸ್ತಿ ಕುಡಿಯುತ್ತೆ, ಸವೆಯುತ್ತೆ. ಅವನು ಕಿತ್ತ. ಒಂಬತ್ತರ ಬದಲು ಹನ್ನೊಂದನೇ ನಿಮಿಷಕ್ಕೆ ಕುದೀತು. ಇನ್ನೊಬ್ಬರು ಟ್ರ್ಯಾಕ್ಟರ್ ರೇಡಿಯೇಟರ್ ಹಾಕು ಅಂದ್ರು. ಮತ್ತೊಬ್ಬರು ಫ್ಯಾನು ದೊಡ್ಡದು ಮಾಡು ಅಂದ್ರು. ಒಂದು ಭಾನುವಾರ ಅವನು ನನಗೇ ಫೋನ್ ಮಾಡಿದ. 'ಅಣ್ಣ, ಮತ್ತೆ ಹೀಟ್ ಆಗೈತೆ, ಏನ್ ಮಾಡ್ಲಿ?' ನಾನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೀದೆ, 'ಕ್ಯಾಪ್ ತೆಗೆದು ನೀರಿದೆಯಾ ನೋಡು' ಅಂದೆ.

ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಲ್ಲ, ಕುಕ್ಕರಿನ ವೇಟು. ನಮ್ಮ ಕಡೆ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರ. ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಯ ಆಸುಪಾಸಿಗೇ ಕುದಿಯುತ್ತೆ. 0.9 ಬಾರ್ ಒತ್ತಡದ ಕ್ಯಾಪ್ ಹಾಕಿದರೆ ಅದೇ ನೀರು 117ರ ತನಕ ಕುದಿಯದೆ ನಿಲ್ಲುತ್ತೆ. ಆ ಸ್ಥಿತಿಯಲ್ಲಿ ಕ್ಯಾಪ್ ತಿರುಗಿಸಿದರೆ ಒತ್ತಡ ಇಳಿದ ಕ್ಷಣಕ್ಕೆ ಒಳಗಿದ್ದ ನೀರು ಆವಿಯಾಗಿ ಹೊರಗೆ ನುಗ್ಗುತ್ತೆ. ವಿಷಲ್ ಕೂಗುತ್ತಿರೋ ಕುಕ್ಕರಿನ ಬಾಯಿ ತೆಗಿ ಅಂತ ನಮ್ಮಮ್ಮನಿಗೆ ಹೇಳಿದ್ದರೆ ಸೌಟಿನಿಂದ ಹೊಡೀತಿದ್ದಳು. ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ಫಸ್ಟ್ ಕ್ಲಾಸ್ ತೆಗೆದ ನಾನು ಫೋನಿನಲ್ಲಿ ಅದನ್ನೇ ಹೇಳಿದೆ. ಅವನ ಬಲಗೈ ಮೊಣಕೈವರೆಗೆ ಸುಟ್ಟಿತು, ಕುತ್ತಿಗೆಗೂ ಸಿಡಿದಿತ್ತು. ಕಣ್ಣು ಉಳಿದಿದ್ದು ಅವನ ಅದೃಷ್ಟ. 'ನಾನೇ ಅವಸರ ಮಾಡ್ದೆ ಬಿಡಣ್ಣ' ಅಂದ. ಚಿಕ್ಕಮ್ಮ ಮಾತ್ರ ಯುಗಾದಿವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ಗೆಳೆಯಾ, ನನ್ನ 'ಹೊಟ್ಟೆಕಿಚ್ಚು' ಶುರುವಾದದ್ದು ಅಲ್ಲಿ. ಆ ಸುಟ್ಟಗಾಯಕ್ಕೂ ನಾನು ಕಳಿಸಿದ ಎರಡು ಚಪ್ಪಾಳೆಗೂ ಸಂಬಂಧ ಇದೆ. ಚಪ್ಪಾಳೆ ಹಾಕೋ ಬದಲು ಮೊದಲ ದಿನವೇ 'ಎಷ್ಟು ನಿಮಿಷ ಓಡ್ತು? ಗೇಜ್ ಎಲ್ಲಿಗೆ ಹೋಯ್ತು?' ಅಂತ ಕೇಳಿದ್ದರೆ, ಆ ಕಾರನ್ನು ಕಾರು ಅಂತ ಗಂಭೀರವಾಗಿ ತಗೊಂಡ ಒಬ್ಬನಾದರೂ ಅವನಿಗೆ ಸಿಗುತ್ತಿದ್ದ. ನಾವು ಯಾರೂ ತಗೊಳ್ಳಲಿಲ್ಲ. ಮಗು ಗೀಚಿದ ಚಿತ್ರ ನೋಡಿ 'ಎಷ್ಟು ಚೆನ್ನಾಗಿದೆ ಪುಟ್ಟಾ' ಅಂತೀವಲ್ಲ, ಹಾಗೆ ಹೊಗಳಿದೆವು.

ಮುಂದಿನ ರಜೆಗೆ ಹೋದೆ. ತಪ್ಪು ತೀರಿಸೋಕೆ ಅಂತಲೇ ಹೋದೆ. ಮೊದಲು ಲೆಕ್ಕ ಹಾಕಿದೆವು, ಅವನ ಅಡಿಕೆ ತೂಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ. ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಒಂದು ಪಾಲು ಕೆಲಸಕ್ಕೆ, ಒಂದು ಪಾಲು ಸೈಲೆನ್ಸರಿನಿಂದ ಹೊರಗೆ, ಒಂದು ಪಾಲು ನೀರಿಗೆ. 37 ಎಚ್‌ಪಿ ಅಂದ್ರೆ 27 ಕಿಲೋವ್ಯಾಟ್. ಹಾಗಾದ್ರೆ ಪೂರ್ತಿ ತುಳಿದಾಗ ನೀರಿಗೂ ಹೆಚ್ಚುಕಮ್ಮಿ ಅಷ್ಟೇ ಶಾಖ. ನಿಮ್ಮ ಫ್ಲ್ಯಾಟಿನ ಬಚ್ಚಲಲ್ಲಿರೋ ಗೀಸರು 2 ಕಿಲೋವ್ಯಾಟಿನದು. ಅಂಥ ಹದಿಮೂರು ಗೀಸರು ಒಟ್ಟಿಗೆ ಉರೀತಿವೆ ಅಂದುಕೊಳ್ಳಿ. ತೋಟದ ದಾರಿಯಲ್ಲಿ ಅಷ್ಟೆಲ್ಲ ತುಳಿಯಲ್ಲ, 10 ಕಿಲೋವ್ಯಾಟ್ ಅಂತ ಇಟ್ಟುಕೊಂಡೆವು. ಅಷ್ಟನ್ನು ಹೊತ್ತು ಹೋಗೋ ಗಾಳಿ 30 ಡಿಗ್ರಿ ಬಿಸಿಯಾಗುತ್ತೆ ಅಂದರೂ ಸೆಕೆಂಡಿಗೆ 300 ಲೀಟರ್ ಗಾಳಿ ಬೇಕು. 'ಒಂದೂವರೆ ಡ್ರಮ್ಮು! ಸೆಕೆಂಡಿಗಾ?' ಅಂದ. ಸೀಟಿನ ಹಿಂದಿನ ಮೂಲೆಯಲ್ಲಿ ಆ ಗಾಳಿ ಸಿಗಲ್ಲ ಅಂತ ಅವನೇ ಹೇಳಿದ. ನಾನು ಹೇಳಬೇಕಾಗಲಿಲ್ಲ.

ಇದೇನು ಹೊಸ ಕಷ್ಟ ಅಲ್ಲ. 1888ರಲ್ಲಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಅವನು ಮಾಡಿದ ಮೂರು ಚಕ್ರದ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ ಹೋದಳಲ್ಲ, ಸುಮಾರು 100 ಕಿಲೋಮೀಟರ್, ಆ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ನೀರು ಹೊಯ್ದಿದ್ದಾಳೆ. ಆ ಕಾರು ನೀರನ್ನು ಕುದಿಸಿ ಆವಿ ಮಾಡಿಯೇ ತಣ್ಣಗಾಗುತ್ತಿತ್ತು. ವಿಲ್ಹೆಲ್ಮ್ ಮೇಬ್ಯಾಕ್ 1901ರ ಮರ್ಸಿಡಿಸ್‌ಗೆ 6 ಮಿಲಿಮೀಟರಿನ 8,070 ಚೌಕ ನಳಿಗೆಗಳನ್ನು ಬೆಸೆದು ಜೇನುಗೂಡಿನಂಥ ರೇಡಿಯೇಟರ್ ಮಾಡಿದ ಮೇಲೆ ಆ ಕಥೆ ಬದಲಾಯಿತು. ಆ ಇಂಜಿನ್ ಎಷ್ಟು ಶಕ್ತಿಯದು ಗೊತ್ತಾ? 35 ಎಚ್‌ಪಿ. ನಮ್ಮ 800ಕ್ಕಿಂತ ಎರಡು ಕಮ್ಮಿ. ನಮ್ಮ ಹುಡುಗ ಒದ್ದಾಡುತ್ತಿದ್ದದ್ದು ಮೇಬ್ಯಾಕ್ ಒದ್ದಾಡಿದ ಅದೇ ಪ್ರಶ್ನೆಯ ಜೊತೆ. ಮೇಬ್ಯಾಕ್‌ಗೆ ಅದನ್ನು ಕೂತು ಚರ್ಚೆ ಮಾಡೋರಿದ್ದರು, ಇವನಿಗೆ ನಮ್ಮ ಚಪ್ಪಾಳೆ ಇತ್ತು.

ರೇಡಿಯೇಟರನ್ನು ಮೂತಿಗೆ ತಂದೆವು. ಇಂಜಿನ್ ಹಿಂದೆ, ರೇಡಿಯೇಟರು ಮುಂದೆ, ನಡುವೆ ಹೋಗೋದೊಂದು ಬರೋದೊಂದು ಪೈಪು. ಜಿಐ ಪೈಪು ಬೇಡ, ತುಕ್ಕು ಹಿಡಿದು ರೇಡಿಯೇಟರ್ ಕಟ್ಟುತ್ತೆ ಅಂತ ದಾವಣಗೆರೆಯಿಂದ ಮೆಟ್ಟಿಲ ರೇಲಿಂಗಿಗೆ ಹಾಕೋ ಸ್ಟೇನ್‌ಲೆಸ್ ಪೈಪು ತಂದ. ತುದಿಗಳಿಗೆ ಸುತ್ತಲೂ ಸಣ್ಣ ಏಣು ಬೆಸೆದ, ರಬ್ಬರ್ ಹೋಸು ಒತ್ತಡಕ್ಕೆ ಜಾರದೇ ಇರಲಿ ಅಂತ. ಒಟ್ಟು ಆರು ಮೀಟರು, ಪೈಪಿನಲ್ಲೇ ನಾಲ್ಕು ಲೀಟರ್ ನೀರು. ಸ್ಟಾರ್ಟ್ ಮಾಡಿದೆವು. ಮತ್ತೆ ಬಿಸಿ! ಇಂಜಿನ್ ಕಡೆ ಪೈಪು ಮುಟ್ಟೋಕಾಗಲ್ಲ, ರೇಡಿಯೇಟರ್ ಮಾತ್ರ ತಣ್ಣಗೆ ಮಲಗಿದೆ.

ನಾನು ಪಂಪು ಸಾಲದು, ತಲೆಯೆತ್ತರ ಜಾಸ್ತಿಯಾಯಿತು ಅಂತ ಏನೇನೋ ಬಡಬಡಿಸ್ತಾ ಇದ್ದೆ. ಅವನು ಪೈಪಿಗೆ ಸ್ಪ್ಯಾನರಿನಿಂದ ಟಣಟಣ ಬಡೀತಾ ಬಂದು ಒಂದು ಕಡೆ ನಿಂತ. 'ಗಾಳಿ ಕೂತೈತೆ ಕಣಣ್ಣ. ತೋಟದ ಪೈಪ್‌ಲೈನಿಗೆ ದಿಬ್ಬದ ಮೇಲೆ ಏರ್ ವಾಲ್ವ್ ಹಾಕಲ್ವಾ, ಹಂಗೆ ಇದಕ್ಕೂ ಬೇಕು.' ಡ್ರಿಪ್ ಎಳೆದ ಪ್ರತಿ ಅಡಿಕೆ ಬೆಳೆಗಾರನಿಗೂ ಗೊತ್ತಿರೋ ವಿಷಯ. ಏರು ತಗ್ಗಿನಲ್ಲಿ ಹೋಗೋ ಪೈಪಿನ ಎತ್ತರದ ಜಾಗದಲ್ಲಿ ಗಾಳಿ ಗುಳ್ಳೆ ಕಟ್ಟಿದರೆ ನೀರು ಮುಂದೆ ಹೋಗಲ್ಲ. ಗಾರೆಯವರು ಮಟ್ಟ ಹಿಡಿಯೋ ನೀರಿನ ನಳಿಗೆಯಲ್ಲಿ ಗುಳ್ಳೆ ಇದ್ದರೆ ಮಟ್ಟ ತಪ್ಪುತ್ತಲ್ಲ, ಅದೇ. ನನ್ನ ಟೆಕ್ಸ್ಟ್ ಬುಕ್ಕಿನಲ್ಲಿ ಹೀಟ್ ಎಕ್ಸ್‌ಚೇಂಜರಿನ ಬಗ್ಗೆ ಒಂದು ಅಧ್ಯಾಯವೇ ಇತ್ತು, ಲಾಗ್ ಮೀನ್ ಟೆಂಪರೇಚರ್ ಡಿಫರೆನ್ಸ್ ಅಂತ ಅರ್ಧ ಪುಟದ ಸೂತ್ರ ಇತ್ತು. ಗಾಳಿ ತೆಗಿ ಅಂತ ಒಂದು ಸಾಲು ಇದ್ದ ನೆನಪಿಲ್ಲ. ರೇಡಿಯೇಟರ್ ನೆತ್ತಿಗೆ ಒಂದು ಬ್ಲೀಡ್ ಸ್ಕ್ರೂ, ಎಲ್ಲಕ್ಕಿಂತ ಎತ್ತರದಲ್ಲಿ, ಸೀಟಿನ ಹಿಂದೆ, ನೀರು ತುಂಬೋ ಸಣ್ಣ ಟ್ಯಾಂಕು, ಎರಡಕ್ಕೂ ಒಂದು ಕಿರಿ ಪೈಪು. ಅರ್ಧ ದಿನದ ಕೆಲಸ. ಬುಸ್ ಅಂತ ಗಾಳಿ ಹೋಯಿತು, ರೇಡಿಯೇಟರು ಬಿಸಿಯಾಯಿತು. ರೇಡಿಯೇಟರ್ ಬಿಸಿಯಾದದ್ದಕ್ಕೆ ಖುಷಿಯಾಗಿ ಕುಣಿದ ದಿನ ಅದು.

ಇನ್ನು ಗಾಳಿಯ ಪಾಲಿನ ಕೆಲಸ. ಗಾಳಿಯಂಥ ಸೋಮಾರಿ ಇನ್ನೊಂದಿಲ್ಲ. ಪಕ್ಕದಲ್ಲಿ ಎರಡು ಬೆರಳು ಸಂದು ಸಿಕ್ಕರೆ ಸಾಕು, ಫಿನ್ನುಗಳ ನಡುವೆ ತೂರೋ ಕಷ್ಟ ತಗೊಳ್ಳಲ್ಲ, ಸಂದಿನಲ್ಲಿ ನುಸುಳಿ ಹೋಗುತ್ತೆ. ಸುತ್ತ ತಗಡು ಹಾಕಿ, ಬಾಗಿಲಿಗೆ ಅಂಟಿಸೋ ಫೋಮ್ ಪಟ್ಟಿ ಒತ್ತಿ ಸಂದು ಮುಚ್ಚಿದೆವು. ಫ್ಯಾನಿಗೂ ತಗಡಿನ ದೋಣಿಯಂಥ ಕವಚ ಮಾಡಿದ. ಅದಿಲ್ಲದಿದ್ದರೆ ಫ್ಯಾನು ತನ್ನ ಮುಖದ ಎದುರಿನ ಗಾಳಿಯನ್ನಷ್ಟೇ ಎಳೆಯುತ್ತೆ, ಮೂಲೆಗಳು ಸುಮ್ಮನೆ ಕೂರುತ್ತವೆ. ಇಷ್ಟಾದರೂ ಗೇಜು ಇಳಿಯಲಿಲ್ಲ. ಮುಂಬಾಗಿಲು ಅಗಲಕ್ಕೆ ತೆಗೆದು ಹಿತ್ತಲ ಬಾಗಿಲು ಹಾಕಿದ ಮನೆ ಕಟ್ಟಿದ್ದೆವು. ಬಿಸಿಗಾಳಿ ಹೋಗೋಕೆ ದಾರಿಯೇ ಇರಲಿಲ್ಲ. ಮೂತಿಯ ತಳದಲ್ಲಿ ತಗಡು ಕತ್ತರಿಸಿ ದಾರಿ ಬಿಟ್ಟೆವು. ಕೊನೆಗೆ ಗೊತ್ತಾದ ಇನ್ನೊಂದು ಸಂಗತಿ ಹೇಳೋಕೆ ನಾಚಿಕೆ. ಫ್ಯಾನಿನ ವೈರು ಅದಲು ಬದಲಾಗಿ ಅದು ಉಲ್ಟಾ ತಿರುಗುತ್ತಿತ್ತು. ಕಾರು ಮುಂದೆ ಹೋದರೆ ಬರೋ ಗಾಳಿಗೂ ಫ್ಯಾನಿಗೂ ಕುಸ್ತಿ! ನ್ಯೂಸ್‌ಪೇಪರಿನ ಹಾಳೆ ಮುಂದೆ ಹಿಡಿದಾಗ ಅಂಟಿಕೊಳ್ಳೋ ಬದಲು ಹಾರಿಹೋಯಿತು. ವೈರು ತಿರುಗಿಸಿ ಕಟ್ಟಿದ ಮೇಲೆ ಅಂಟಿಕೊಂಡಿತು.

ಹೊಸ ಥರ್ಮೋಸ್ಟಾಟನ್ನು ಹಾಕೋ ಮುಂಚೆ ಚಿಕ್ಕಮ್ಮನ ಹಾಲಿನ ಪಾತ್ರೆಯಲ್ಲಿ ದಾರ ಕಟ್ಟಿ ಮುಳುಗಿಸಿ, ಥರ್ಮಾಮೀಟರ್ ಇಟ್ಟು, ಯಾವಾಗ ಬಾಯಿ ಬಿಡುತ್ತೆ ಅಂತ ನೋಡಿದೆವು. 83ಕ್ಕೆ ಬಿಟ್ಟಿತು. (ಆ ಪಾತ್ರೆ ಈಗ ಶೆಡ್ಡಿನದು. ಚಿಕ್ಕಮ್ಮ ವಾಪಸ್ ತಗೊಳ್ಳಲಿಲ್ಲ.) ನೀರಿನ ವಿಷಯಕ್ಕೂ ಜಗಳ ಆಯಿತು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಹಂಡೆ ನೋಡಿದರೆ ಸಾಕು, ಒಳಗೆಲ್ಲ ಬಿಳಿ ಪೊರೆ. ಬೆಂಗಳೂರಿನಲ್ಲೂ ಗೀಸರಿನ ಕಾಯಿಲ್ ಬಿಚ್ಚಿದವರಿಗೆ ಗೊತ್ತು. ಅದೇ ಪೊರೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕಟ್ಟಿದರೆ ಶಾಖ ಹೊರಗೆ ಬರಲ್ಲ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರು, ಅದಕ್ಕೆ ಕೂಲಂಟು. ಕೂಲಂಟ್ ಹಾಕಿದರೆ ಇಂಜಿನ್ 'ತಂಪಾಗುತ್ತೆ' ಅಂತ ನಂಬಿದವರು ಬಹಳ ಜನ. ನಿಜ ಹೇಳಬೇಕಂದ್ರೆ ಬರೀ ನೀರು ಶಾಖ ಹೊರೋದರಲ್ಲಿ ಅದಕ್ಕಿಂತ ಮೇಲು. ಕೂಲಂಟಿನ ಕೆಲಸ ತುಕ್ಕು ತಡೆಯೋದು, ಕುದಿಯೋ ಬಿಂದು ಏರಿಸೋದು.

ಏಪ್ರಿಲ್ ಮಧ್ಯಾಹ್ನ, ನೆರಳಲ್ಲಿ 37 ಡಿಗ್ರಿ. ಮೇಲಿನ ಹೋಸಿಗೊಂದು, ಕೆಳಗಿನ ಹೋಸಿಗೊಂದು ಡಿಜಿಟಲ್ ಥರ್ಮಾಮೀಟರ್ ಕಟ್ಟಿ ನಲವತ್ತು ನಿಮಿಷ ಓಡಿಸಿದೆವು. ಎರಡೆರಡು ನಿಮಿಷಕ್ಕೆ ಅವನು ಕೂಗೋದು, ನಾನು ಬರೆಯೋದು. 93ರ ಹತ್ತಿರ ಬಂದು ನಿಂತಿತು. ಫ್ಯಾನು ತಾನೇ ಹತ್ತುತ್ತೆ, ತಾನೇ ಆರುತ್ತೆ. ಆದರೆ ಫಸ್ಟ್ ಗೇರಿನಲ್ಲಿ ಕೆರೆ ಏರಿ ಹತ್ತಿಸಿದಾಗ 104ಕ್ಕೆ ಹೋಯಿತು. ಅಂದ್ರೆ ಇನ್ನೂ ಮುಗಿದಿಲ್ಲ. ಆ 104ನ್ನೂ ಬರೆದುಕೊಂಡಿದ್ದೇವೆ.

ಇಷ್ಟರಲ್ಲಿ ಹಳ್ಳಿ ಪ್ರತಿಭೆ ಯಾವುದು, ಡಿಗ್ರಿ ಯಾವುದು ಹೇಳಿ ನೋಡೋಣ. ಏರ್ ವಾಲ್ವ್ ಅವನ ತಲೆಯದು, ಡ್ರಮ್ಮಿನ ಲೆಕ್ಕ ನನ್ನದು, ಎರಡೂ ಇಲ್ಲದೆ ಕಾರು ಓಡ್ತಿರಲಿಲ್ಲ. 'ನಮ್ಮ ಡಿಗ್ರಿ ವೇಸ್ಟ್' ಅಂತ ಬರೆಯೋರಿಗೆ ನಾನು ಕೇಳೋದು ಇಷ್ಟೇ: ವೇಸ್ಟ್ ಮಾಡಿದ್ದು ಯಾರು? ನನ್ನ ಫೈನಲ್ ಇಯರ್ ಪ್ರಾಜೆಕ್ಟ್ ಅಂಗಡಿಯಲ್ಲಿ ಕೊಂಡದ್ದು. ನಾಲ್ಕು ಜನ ದುಡ್ಡು ಹಾಕಿ ತಂದೆವು. ಪರೀಕ್ಷೆಗೆ ಬಂದವರು ಶೀರ್ಷಿಕೆ ಓದಿ, ಒಮ್ಮೆ ಆನ್ ಮಾಡಿಸಿ, ಒಳ್ಳೆ ಮಾರ್ಕ್ಸ್ ಕೊಟ್ಟು ಹೋದರು. ಅದೂ ಒಂದು ಮೂವತ್ತು ಸೆಕೆಂಡಿನ ವಿಡಿಯೊನೇ. ಕೇಳಬೇಕಾದವರು ಕೇಳಲಿಲ್ಲ, ಕಲಿಯಬೇಕಾದ ನಾನು ಕಲಿಯಲಿಲ್ಲ, ಅದರ ಬೆಲೆಯನ್ನು ಹತ್ತು ವರ್ಷದ ಮೇಲೆ ಇನ್ನೊಬ್ಬನ ತೋಳು ಕೊಟ್ಟಿತು.

ಕೇಳೋ ಜಾಗ ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರಿನ ಆರ್‌ವಿ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಕಾರು ಕಟ್ಟುತ್ತಿದೆ. ಮಣಿಪಾಲದ ಹುಡುಗರ ಫಾರ್ಮುಲಾ ಮಣಿಪಾಲ್ ಇದೆ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳ ನಿಯಮ ಪುಸ್ತಕ ನೋಡಿ: ನೀರಿನಿಂದ ತಣಿಯೋ ಇಂಜಿನ್ನಿಗೆ ಬರೀ ನೀರೇ ಹಾಕಬೇಕು, ಚೆಲ್ಲಿದರೆ ಟ್ರ್ಯಾಕ್ ಜಾರಬಾರದು. ಉಕ್ಕಿ ಬಂದ ನೀರು ಹಿಡಿಯೋಕೆ ಇಂತಿಷ್ಟು ಅಳತೆಯ ಡಬ್ಬಿ ಇರಲೇಬೇಕು. ಆಮೇಲೆ ತೀರ್ಪುಗಾರರು ಕೂರಿಸಿಕೊಂಡು ಕೇಳ್ತಾರೆ, ಈ ಅಳತೆಯ ರೇಡಿಯೇಟರ್ ಯಾಕೆ, ಅಳೆದು ನೋಡಿದ್ದೀರಾ ಅಂತ. ಉತ್ತರ ಇಲ್ಲದಿದ್ದರೆ ಅಂಕ ಇಲ್ಲ. ಆ ಹುಡುಗರನ್ನು ಯಾರೂ 'ಐನ್‌ಸ್ಟೈನ್' ಅನ್ನಲ್ಲ. ಬೆವರಿಳಿಸುತ್ತಾರೆ. ಅದೇ ಬೆವರು ಹೊಳಲ್ಕೆರೆಯ ಶೆಡ್ಡಿನ ಹುಡುಗನಿಗೆ ಯಾಕೆ ಸಿಗಬಾರದು?

ಸಿಗೋದು ಏನು ಅಂತಲೂ ನೋಡಿ. ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಊರಿನ ದತ್ತಾತ್ರೇಯ ಲೋಹಾರ್ ಗುಜರಿ ಸಾಮಾನಿನಿಂದ, ಸುಮಾರು 60,000 ರೂಪಾಯಿಯಲ್ಲಿ, ಬೈಕಿನ ಹಾಗೆ ಕಿಕ್ ಹೊಡೆದು ಸ್ಟಾರ್ಟ್ ಮಾಡೋ ನಾಲ್ಕು ಚಕ್ರದ ಗಾಡಿ ಮಾಡಿದರು. 2021ರ ಕೊನೆಗೆ ಆನಂದ್ ಮಹೀಂದ್ರ ಅದನ್ನು ನೋಡಿ, ನಿಯಮಕ್ಕೆ ಹೊಂದದ ಈ ಗಾಡಿಯನ್ನು ಇಂದಲ್ಲ ನಾಳೆ ಅಧಿಕಾರಿಗಳು ನಿಲ್ಲಿಸುತ್ತಾರೆ ಅಂತ ಇದ್ದದ್ದನ್ನು ಇದ್ದ ಹಾಗೇ ಹೇಳಿ, ಬದಲಿಗೆ ಬೊಲೆರೊ ಕೊಡ್ತೀನಿ ಅಂದರು. 2022ರ ಜನವರಿಯಲ್ಲಿ ಕೊಟ್ಟರು. ಆ ಕುಟುಂಬಕ್ಕೆ ಒಳ್ಳೆಯದಾಯಿತು, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ನಮ್ಮ ಮೇಲೆ. ಕಟ್ಟಿದವನಿಗೆ ಕೊಡಬಹುದಾದ ಅತ್ಯುತ್ತಮ ಬಹುಮಾನ, ಅವನು ಕಟ್ಟಿದ್ದನ್ನು ಪ್ರದರ್ಶನಕ್ಕಿಟ್ಟು ಕಾರ್ಖಾನೆಯದ್ದನ್ನು ಕೈಗಿಡೋದು ಅಂತ ನಾವೆಲ್ಲ ಒಪ್ಪಿ ಕಣ್ಣೊರೆಸಿಕೊಂಡೆವಲ್ಲ, ಅದರ ಬಗ್ಗೆ. ಅದಕ್ಕೂ ಬಹಳ ಹಿಂದೆ, ನಿಪ್ಪಾಣಿಗೆ ಹತ್ತಿರದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ 1949ರಲ್ಲಿ 'ಮೀರಾ' ಅನ್ನೋ ಪುಟ್ಟ ಕಾರಿನ ಮೊದಲ ಮಾದರಿ ಕಟ್ಟಿ, ಎರಡು ದಶಕ ಒಂದರ ಮೇಲೊಂದು ತಿದ್ದಿದ ಮಾದರಿ ಮಾಡಿದರು. ಕಾರ್ಖಾನೆಯಿಂದ ಒಂದೂ ಹೊರಬರಲಿಲ್ಲ.

ಕಾನೂನಿನ ಕಣ್ಣಿಗೆ ಒಂದೇ ಒಂದು ಕಾರು ಕಟ್ಟುವವನೂ ಕಾರ್ಖಾನೆಯವನೇ. ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಮಾದರಿಯನ್ನು ಪುಣೆಯ ಎಆರ್‌ಎಐ ಥರದ ಸಂಸ್ಥೆಗಳಲ್ಲಿ ಪರೀಕ್ಷೆ ಮಾಡಿಸಬೇಕು. ಲಕ್ಷಗಟ್ಟಲೆ ಕಾರು ಮಾರೋ ಕಂಪನಿಗೆ ಹೊಲಿದ ಅಂಗಿ ಅದು. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದರೆ 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾಗಾದ್ರೆ ನಮ್ಮ ದೇಶ ಮನೆಯಲ್ಲಿ ಕಟ್ಟಿದ್ದನ್ನು ಒಪ್ಪೋದೇ ಇಲ್ಲವಾ? ಒಪ್ಪುತ್ತೆ! ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಕಟ್ಟಿದ ವಿಮಾನಕ್ಕೆ ವರ್ಷಗಟ್ಟಲೆ ಅಲೆದ ಮೇಲೆ 2017ರಲ್ಲಿ ಡಿಜಿಸಿಎ ನೋಂದಣಿ ಕೊಟ್ಟಿತು. ಆಕಾಶದಲ್ಲಿ ಹಾರೋದಕ್ಕೆ ಒಂದು ಕಿಟಕಿ ಇದೆ, ಮಣ್ಣಿನ ಮೇಲೆ ಉರುಳೋದಕ್ಕಿಲ್ಲ.

ಈಗ ನೀವು ಹೇಳೋದು ನನಗೆ ಕೇಳಿಸ್ತಿದೆ. 'ನನ್ನ ಮಗಳ ಸ್ಕೂಲ್ ವ್ಯಾನ್ ಹೋಗೋ ರಸ್ತೆಗೆ ನಿನ್ನ ತಮ್ಮನ ಗುಜರಿ ಬಿಡಬೇಕಾ?' ಬೇಡ. ಖಂಡಿತಾ ಬೇಡ. ಬ್ರೇಕ್ ನೋಡದೆ, ಸ್ಟೀರಿಂಗ್ ನೋಡದೆ, ಸೀಟ್ ಬೆಲ್ಟಿನ ಬೋಲ್ಟು ಎಳೆದು ನೋಡದೆ ಯಾವುದನ್ನೂ ಬಿಡಬೇಡಿ. ಬ್ರಿಟನ್ನಿನಲ್ಲಿ ಅದನ್ನೇ ಮಾಡ್ತಾರೆ. ಮನೆಯಲ್ಲಿ ಕಟ್ಟಿದ ಒಂದೊಂದೇ ಗಾಡಿಯನ್ನು ಇನ್ಸ್‌ಪೆಕ್ಟರ್ ಹತ್ತಿರ ಒಯ್ಯಬೇಕು, ಅವನು ದೀಪದಿಂದ ಹಿಡಿದು ಚೂಪಾದ ಅಂಚಿನ ತನಕ ನೋಡಿ ಫೇಲ್ ಮಾಡ್ತಾನೆ, ತಿದ್ದಿಕೊಂಡು ಮತ್ತೆ ಹೋಗಬೇಕು. ಪಾಸಾದರೆ ನಂಬರ್ ಪ್ಲೇಟು. ನಾನು ಕೇಳ್ತಿರೋದು ಆ ಫೇಲ್ ಆಗೋ ಹಕ್ಕನ್ನು. ನಮ್ಮ ಜಿಲ್ಲೆಯ ಚಳ್ಳಕೆರೆಯಲ್ಲಿ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನ ಪರೀಕ್ಷೆ ಮಾಡೋಕೆ 2017ರಿಂದ ದೊಡ್ಡ ಬಯಲೇ ಇದೆ. ಅದರ ಪಕ್ಕದಲ್ಲಿ ಜಾಗ ಕೊಡಿ ಅಂತಿಲ್ಲ. ತಿಂಗಳಿಗೊಂದು ಶನಿವಾರ ಯಾವುದಾದರೂ ಸರ್ಕಾರಿ ಪಾಲಿಟೆಕ್ನಿಕ್ಕಿನ ಅಂಗಳದಲ್ಲಿ, ಗಾಡಿ ಗೊತ್ತಿರೋ ಒಬ್ಬ ಮೇಷ್ಟ್ರು, ಒಂದು ಬ್ರೇಕ್ ಟೆಸ್ಟರು, ಒಂದು ಥರ್ಮಾಮೀಟರು. ಅಲ್ಲಿಯವರೆಗೂ ನಮ್ಮ ಕಾರು ತೋಟದ ದಾರಿ ಬಿಟ್ಟು ಡಾಂಬರು ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಚಿಕ್ಕಜಾಜೂರಿಗೆ ಒಂದು ರೌಂಡು ಹೋಗಿಬರಬೇಕು ಅನ್ನೋ ಆಸೆ ಅವನಿಗಿದೆ. ನಾನೇ ಬೇಡ ಅಂದಿದ್ದೀನಿ.

ಆ ನಲವತ್ತು ನಿಮಿಷದ ಲೆಕ್ಕವನ್ನು ಗ್ರಾಫ್ ಮಾಡಿ, ಕೆರೆ ಏರಿಯ 104ರ ಸಮೇತ, ಮೊನ್ನೆ ಆಫೀಸಿನ ಅದೇ ಗುಂಪಿಗೆ ಹಾಕಿದೆ. ಹಿನ್ನೆಲೆ ಸಂಗೀತ ಇರಲಿಲ್ಲ. ಚಪ್ಪಾಳೆಯೂ ಬರಲಿಲ್ಲ. ಸಂಜೆಯ ಹೊತ್ತಿಗೆ, ಹೊಟ್ಟೆಕಿಚ್ಚಾ ಅಂದಿದ್ದ ಆ ಗೆಳೆಯನೇ ಒಂದು ಸಾಲು ಬರೆದ: 'ಹೊರಗಿನ ಟೆಂಪರೇಚರ್ ಎಷ್ಟಿತ್ತು? ಏರಿ ಹತ್ತುವಾಗ ಗಾಳಿ ಹಿಂದಿನಿಂದ ಬೀಸ್ತಿತ್ತಾ?'

ಅದನ್ನು ಹಾಗೇ ಊರಿಗೆ ದಾಟಿಸಿದೆ. ಹತ್ತು ನಿಮಿಷಕ್ಕೆ ತಮ್ಮನ ಉತ್ತರ ಬಂತು. 'ಹೌದಲ್ಲ ಅಣ್ಣ, ಪಡುವಣ ಗಾಳಿ ಇತ್ತು, ನಾವು ಮೂಡಲಕ್ಕೆ ಹತ್ತಿಸ್ತಿದ್ವಿ. ನಾಳೆ ಆ ಕಡೆಯಿಂದ ಹತ್ತಿಸಿ ನೋಡ್ತೀನಿ. ಆವಯ್ಯನ ನಂಬರ್ ಕಳ್ಸು.'